ಡ್ರೈವರ್ ಹಿಂದಿನ ಸೀಟು

ತಮಿಳುನಾಡಿನ ಗಡಿಯಂಚಿನ ದೊಡ್ಡಗಾಜನೂರಿನ ವೃಷಭೇಂದ್ರ ತೂಗದೆ ಯಾವ ನಿರ್ಧಾರವನ್ನೂ ಮಾಡಿದವನಲ್ಲ. ಮನಸ್ಸಿನಲ್ಲಿ ತೂಗುವುದು ಎಲ್ಲರೂ ಮಾಡುವ ಕೆಲಸ. ವೃಷಭೇಂದ್ರ ತಕ್ಕಡಿಯಲ್ಲೇ ತೂಗುತ್ತಿದ್ದ. ತಾತನ ಕಾಲದ ತರಕಾರಿ ತಕ್ಕಡಿಯೊಂದು ಅವನ ಮನೆಯ ಜಗಲಿಯ ತೊಲೆಯಿಂದ ನೇತಾಡುತ್ತಿತ್ತು. ಅನುಕೂಲಕ್ಕೊಂದು ಆಲೂಗಡ್ಡೆ ಎಡತಟ್ಟೆಗೆ, ತೊಂದರೆಗೊಂದು ಬೀಟ್‌ರೂಟು ಬಲತಟ್ಟೆಗೆ. ಸಣ್ಣದಕ್ಕೆ ಗೋಲಿಯಂಥದ್ದು, ದೊಡ್ಡದಕ್ಕೆ ಮಗುವಿನ ತಲೆಯಂಥದ್ದು. ಯಾವ ತಟ್ಟೆ ಕೆಳಗಿಳಿಯಿತೋ ಅದೇ ತೀರ್ಪು, ಅದಕ್ಕೆ ಮೇಲ್ಮನವಿ ಇಲ್ಲ. ಒಮ್ಮೆ ಒಂದು ಕೊಡೆ ಕೊಳ್ಳಲು ಮೂರು ವಾರ ತೂಗಿದ್ದ. ತೀರ್ಪು ಬರುವಷ್ಟರಲ್ಲಿ ಮಳೆಗಾಲ ಮುಗಿದು, ತಟ್ಟೆಯಲ್ಲಿದ್ದ ಆಲೂಗಡ್ಡೆ ಮೊಳಕೆ ಬಿಟ್ಟಿತ್ತು.

ಹೆಣ್ಣು ನೋಡಿ ಬಂದ ಸಂಜೆಯೂ ತೂಗಿದ್ದ. ಈ ಸಂಗತಿ ಹೆಂಡತಿ ಬಿಂದುಶ್ರೀಗೆ ಗೊತ್ತಾದದ್ದು ಮದುವೆಯಾಗಿ ಮೂರು ವರ್ಷಕ್ಕೆ. "ನನ್ ಪಾಲಿಗೆ ಬೀಟ್‌ರೂಟು ಎಷ್ಟ್ ಬಿದ್ದಿತ್ತು?" ಎಂದು ಅವಳು ಕೇಳಿದ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಅಂಥ ಮನೆಗೆ ಮೈಸೂರಿನಿಂದ ಒಂದು ಕಾಗದ ಬಂತು. ಪೈಪು ಮಾಡುವ ಕಂಪನಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ. ನಲವತ್ತು ತುಂಬುವುದರೊಳಗೆ ಸೇರಬೇಕು. ವೃಷಭೇಂದ್ರನಿಗೆ ನಲವತ್ತಕ್ಕೆ ಇನ್ನು ಎರಡೇ ತಿಂಗಳು. ಮುಂದಿನ ಭಾನುವಾರದೊಳಗೆ 'ಬರುತ್ತೇನೆ' ಅಥವಾ 'ಬರುವುದಿಲ್ಲ' ಎಂದು ಫೋನಿನಲ್ಲಿ ತಿಳಿಸಬೇಕು; ಬರುವುದಾದರೆ ಮರುದಿನ ಸೋಮವಾರವೇ ಸೇರಬೇಕು. ಇದು ಕೈಬಿಟ್ಟರೆ ಇನ್ನು ಜನ್ಮಪೂರ್ತಿ ಆ ಎರಡೆಕರೆ ಅರಿಶಿನ, ಅದರಲ್ಲಿ ಅರ್ಧ ಪಾಲು ಆನೆಗಳದ್ದು.

ಮನೆ ಬಿಟ್ಟು ಮೈಸೂರಿನಲ್ಲಿ ಇರೋಣವೆಂದರೆ ಬಿಂದುಶ್ರೀ ಊರಿನ ಅಂಗನವಾಡಿಯ ಟೀಚರು. "ಇಪ್ಪತ್ತೆರಡು ಮಕ್ಳ ಬುಟ್ಟು ನಾನೆಲ್ಲೂ ಬರಲ್ಲ," ಎಂದಳು. ಇಪ್ಪತ್ತಮೂರನೆಯ ಮಗುವಾದ ವೃಷಭೇಂದ್ರ ಒಬ್ಬನೇ ಹೋಗಿ ಇರುವ ಪ್ರಶ್ನೆಯೇ ಇರಲಿಲ್ಲ. ಉಳಿದದ್ದು ಒಂದೇ ದಾರಿ: ದಿನಾ ಬೆಳಗ್ಗೆ ತಮಿಳುನಾಡಿನಲ್ಲಿ ಎದ್ದು, ಕರ್ನಾಟಕದಲ್ಲಿ ದುಡಿದು, ಮತ್ತೆ ತಮಿಳುನಾಡಿಗೆ ಬಂದು ಉಣ್ಣುವುದು. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ.

ತಕ್ಕಡಿ ಕೆಲಸಕ್ಕಿಳಿಯಿತು. ಐದೂವರೆಯ ಬಸ್ಸಿಗೆ ಒಂದು ಬೀಟ್‌ರೂಟು. ರಸ್ತೆಗೆ ಅಡ್ಡ ನಿಲ್ಲುವ ಆನೆಗೆ ಒಂದು ಬೀಟ್‌ರೂಟು. ತಿಂಗಳ ಸಂಬಳಕ್ಕೆ ದಪ್ಪನೆಯ ಆಲೂಗಡ್ಡೆ. ಗಡಿ ದಾಟಿದ ಕೂಡಲೇ ಮೊಬೈಲಿಗೆ 'ಕರ್ನಾಟಕಕ್ಕೆ ಸ್ವಾಗತ' ಅಂತಲೂ, ವಾಪಸು ಬರುವಾಗ 'ತಮಿಳುನಾಡಿಗೆ ಸ್ವಾಗತ' ಅಂತಲೂ ಸಂದೇಶ ಬರುತ್ತಿತ್ತು. ದಿನಕ್ಕೆರಡು ಸಲ ಅಂಥ ಮರ್ಯಾದೆ ಅವನಿಗೆ ಮಾವನ ಮನೆಯಲ್ಲೂ ಸಿಕ್ಕಿರಲಿಲ್ಲ. ಅದಕ್ಕೊಂದು ಸಣ್ಣ ಆಲೂಗಡ್ಡೆ. ಕೊನೆಗೆ ಎರಡು ತಟ್ಟೆಗಳೂ ಸಮಸಮ ನಿಂತುಬಿಟ್ಟವು.

"ಕುಂತ ಜಾಗ್ದಲ್ಲೇ ತೂಗಿದ್ರೆ ದಾರಿ ಗೊತ್ತಾಯ್ತದಾ?" ಎಂದಳು ಬಿಂದುಶ್ರೀ, ಸಾರಿಗೆಂದು ಒಂದು ಆಲೂಗಡ್ಡೆ ಎತ್ತಿಕೊಳ್ಳುತ್ತ. "ಸೋಮವಾರದಿಂದ ಸನಿವಾರದ ತನಕ ಓಗಿ ಬಂದು ನೋಡಿ. ಆಮೇಲೆ ತೂಗೀರಂತೆ."

"ಯಾರ್ಗೂ ಯೋಳ್ಬ್ಯಾಡ," ಎಂದ ವೃಷಭೇಂದ್ರ.

ಅದಕ್ಕೂ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಸತ್ಯಮಂಗಲದ ಒಂದು ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಊರಿಗೆಲ್ಲ ಮೈಸೂರು ಪಾಕು ಹಂಚಿದ್ದ. ಮೂರನೇ ದಿನ, ಆ ಹುದ್ದೆಯೇ ರದ್ದಾಗಿದೆ ಎಂಬ ಕಾಗದ ಬಂತು. ಅಂದಿನಿಂದ ಊರಲ್ಲಿ ಅವನ ಹೆಸರು ಪಾಕದ ವೃಷಭ. ಈ ಸಲ ಪಾಕು ಹಂಚುವ ತನಕ ಪಿಟ್ಟೆನ್ನಬಾರದು ಎಂದು ಗಂಡಹೆಂಡಿರು ಆಣೆ ಮಾಡಿಕೊಂಡರು.

ಸೋಮವಾರ ಬಸ್ಸು ಹತ್ತಿದ. ಕೂರಲು ಜಾಗವಿರಲಿಲ್ಲ. ಕೋಸಿನ ಮೂಟೆ, ಬಾಳೆಗೊನೆ, ಗಡಿಯಾಚೆ ಚಾಮರಾಜನಗರದ ಹೊಲಗಳಿಗೆ ಕಳೆ ಕೀಳಲು ಹೋಗುವ ಹೆಂಗಸರು. ಅವರಲ್ಲಿ ಬೀದಿಯ ಕೊನೆಮನೆಯ ಚೌಡಮ್ಮನೂ ಇದ್ದಳು. ಚೌಡಮ್ಮ ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಇದೇ ಬಸ್ಸಿನಲ್ಲಿ ನಿಂತುಕೊಂಡು ರಾಜ್ಯ ದಾಟುತ್ತಿದ್ದಳು. ಅದನ್ನು ಯಾರೂ ಯಾವ ತಕ್ಕಡಿಯಲ್ಲೂ ಇಟ್ಟಿರಲಿಲ್ಲ.

"ಏನ್ ಮಗಾ, ಇಷ್ಟೊತ್ಗೇ? ಎಲ್ಲಿಗೆ?"

"ಮೈಸೂರ್ಗೆ."

"ಯಾಕ್ಲಾ?"

"ಸುಮ್ನೆ."

ಸುಮ್ಮನೆ! ಈ ಬೆಟ್ಟದ ಸೀಮೆಯಲ್ಲಿ ಯಾರೂ ಸುಮ್ಮನೆ ಮೈಸೂರಿಗೆ ಹೋಗುವುದಿಲ್ಲ. ಸೀರೆಗೆ ಹೋಗುವವರು 'ಸೀರೆಗೆ' ಅನ್ನುತ್ತಾರೆ, ದಸರಾಕ್ಕೆ ಹೋಗುವವರು ಬಸ್ಸಿನ ತುಂಬ ಅದನ್ನೇ ಸಾರುತ್ತಾರೆ. 'ಸುಮ್ಮನೆ' ಅನ್ನುವವರು ಆಸ್ಪತ್ರೆಗೆ ಹೋಗುವವರು. ಅದರಲ್ಲೂ ದಿನಾ ಹೋಗಿ ದಿನಾ ಬರುವವರೆಂದರೆ, ಆ ದೊಡ್ಡ ಕಾಯಿಲೆಗೆ ಯಂತ್ರದ ಕೆಳಗೆ ಮಲಗಿಸಿ ಕೊಡುವ ಚಿಕಿತ್ಸೆಯವರು. ಊರವರ ಬಾಯಲ್ಲಿ ಅದು 'ಕರೆಂಟು'. ಚೌಡಮ್ಮ ಮುಂದೆ ಏನೂ ಕೇಳಲಿಲ್ಲ. ಕೇಳದೆ ಇರುವುದು ಚೌಡಮ್ಮನ ಮಟ್ಟಿಗೆ ದೊಡ್ಡ ಘಟನೆ.

ವೃಷಭೇಂದ್ರ ಒಂಬತ್ತು ಗಂಟೆಗೆ ಕಂಪನಿಯ ಗೇಟು ಮುಟ್ಟಿ ಗಡಿಯಾರ ನೋಡಿಕೊಂಡ.

"ಯಾರು ಬೇಕು ಸಾರ್?" ಎಂದ ವಾಚ್‌ಮನ್.

"ಯಾರೂ ಬೇಡ. ಗೇಟು ಮುಟ್ಟೋಕೆ ಬಂದೆ."

"ಮುಟ್ಟಿದ್ರಲ್ಲ. ಹೊರಡಿ."

ಹೊರಡುವುದೆಲ್ಲಿಗೆ? ಪರೀಕ್ಷೆ ಎಂದರೆ ಪ್ರಾಮಾಣಿಕವಾಗಿರಬೇಕು. ಆಫೀಸು ಬಿಡುವ ಹೊತ್ತಾಗದೆ ಬಸ್ಸು ಹತ್ತುವಂತಿಲ್ಲ. ಸುತ್ತ ನೋಡಿದ. ರಸ್ತೆಯಾಚೆ ಒಂದು ದೊಡ್ಡ ಮರ, ಮರದ ಕೆಳಗೆ ಕಲ್ಲುಬೆಂಚು, ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿ. ಬೆಂಚಿನ ಹಿಂದಿದ್ದ ಎತ್ತರದ ಕಟ್ಟಡವನ್ನು ಅವನು ಗಮನಿಸಲಿಲ್ಲ. ಮೂರು ಗಂಟೆ ನಿಂತ ಸೊಂಟವನ್ನು ಹಿಡಿದುಕೊಂಡು ಕೂತ. ಆಮೇಲೆ ತಲೆಯನ್ನೂ ಹಿಡಿದುಕೊಂಡ.

ಆ ಕಟ್ಟಡವೇ ಕರೆಂಟು ಕೊಡುವ ಆಸ್ಪತ್ರೆ. ಅಲ್ಲಿ ಷಡ್ಡಕನನ್ನು ನೋಡಿ ಹೊರಬಂದ ಅದೇ ಊರಿನ ರಾಚ, ಬೆಂಚಿನ ಮೇಲೆ ತಲೆಹಿಡಿದು ಕೂತ ವೃಷಭೇಂದ್ರನನ್ನು ಕಂಡ. ಮಾತನಾಡಿಸಲು ಧೈರ್ಯ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದವನು, "ಯಾರ್ಗೂ ಬಾಯ್ಬುಡಬ್ಯಾಡಿ" ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಚೌಡಮ್ಮ ಎದೆ ಮುಟ್ಟಿಕೊಂಡು, "'ಸುಮ್ನೆ' ಅಂದಾಗ್ಲೇ ನಾನು ತಿಳ್ಕಂಡೆ" ಎಂದಳು.

ಅತ್ತ ಬಸ್ಸಿನಿಂದ ಮುದುಡಿಕೊಂಡು ಇಳಿದ ವೃಷಭೇಂದ್ರ ಜಗಲಿ ಹತ್ತಿದವನೇ ಮಗುವಿನ ತಲೆಯಷ್ಟು ದೊಡ್ಡ ಬೀಟ್‌ರೂಟನ್ನು ಹುಡುಕಿ ಬಲತಟ್ಟೆಗೆ ಹಾಕಿದ. ತಟ್ಟೆ ದಡ್ಡೆಂದು ಕೆಳಗಿಳಿಯಿತು. ಕೆಲಸ ಹೋಯಿತು ಎಂದುಕೊಂಡ.

ಆದರೆ ಮಂಗಳವಾರ ಒಂದು ಪವಾಡ ನಡೆಯಿತು. ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ನೇರ ಅವನ ಮನೆಯ ಮುಂದೆ ಬಂದು ನಿಂತಿತು. ಕಂಡಕ್ಟರ್ ಮುರುಗನ್ ಕೆಳಗಿಳಿದು ಕೈಹಿಡಿದ. "ವಾಂಗಣ್ಣಾ, ಮೆಲ್ಲಗೆ ವಾಂಗ," ಎಂದು ಹತ್ತಿಸಿ, ಡ್ರೈವರ್ ಹಿಂದಿನ ಇಬ್ಬರು ಕೂರುವ ಸೀಟನ್ನು ಟವೆಲಿನಿಂದ ಒರೆಸಿದ. "ಇದು ಇನ್ಮೇಲೆ ನಿಮ್ ಸೀಟು. ಪಕ್ಕದಲ್ಲೂ ಯಾರೂ ಕೂರಲ್ಲ, ಕಾಲು ನೀಟ್ಕೊಳ್ಳಿ."

ವೃಷಭೇಂದ್ರ ಹಿಂದಕ್ಕೆ ನೋಡಿದ. ಬಸ್ಸಿಗೆ ಬಸ್ಸೇ ಅವನನ್ನು ನೋಡುತ್ತಿತ್ತು. ಯಾರೋ ಒಬ್ಬರು ಮೂಗು ಒರೆಸಿಕೊಂಡರು. ರಸ್ತೆಯ ಹಂಪು ಬಂದಾಗ ಡ್ರೈವರು ಬಸ್ಸನ್ನು ತೊಟ್ಟಿಲಿನಂತೆ ಇಳಿಸಿದ. ಚಾಮರಾಜನಗರ ಬರುವಷ್ಟರಲ್ಲಿ ವೃಷಭೇಂದ್ರ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಎಚ್ಚರವಾಗಬಾರದೆಂದು ನಲವತ್ತು ಜನ ಪಿಸುಮಾತಿನಲ್ಲಿ ಟಿಕೆಟು ಕೇಳಿದರು.

'ಬಿಂದು ಬಾಯಿ ಬಿಟ್ಟಿದಾಳೆ' ಎಂದುಕೊಂಡ. ಕೆಲಸ ಸಿಕ್ಕ ಸುದ್ದಿ ಊರಿಗೆ ಗೊತ್ತಾಗಿದೆ, ಇಲ್ಲದಿದ್ದರೆ ಪಾಕದ ವೃಷಭನಿಗೆ ಈ ಮರ್ಯಾದೆ ಯಾಕೆ? ಹೋಗಲಿ, ಹೆಂಗಸು, ಸಂತೋಷ ತಡೆಯಲಾಗಲಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿದ. ಇತ್ತ ಅಂಗನವಾಡಿಯಲ್ಲಿ ತಾಯಂದಿರು ಬಂದು ಬಿಂದುಶ್ರೀಯ ಕೈಯಿಂದ ಪೊರಕೆ ಕಿತ್ತುಕೊಂಡು, "ನೀವ್ ಕುಂತ್ಕಳಿ ಟೀಚರೇ, ನಾವಿಲ್ವಾ?" ಎಂದು ತಾವೇ ಗುಡಿಸಿದರು. ಗಂಡನೇ ಬಾಯಿ ಬಿಟ್ಟಿದ್ದಾನೆ ಎಂದು ಅವಳೂ ಅರ್ಥ ಮಾಡಿಕೊಂಡು, ಅವಳೂ ಮನಸ್ಸಿನಲ್ಲೇ ಕ್ಷಮಿಸಿದಳು. ಹೀಗೆ ಇಬ್ಬರೂ ಪರಸ್ಪರ ಕ್ಷಮಿಸುತ್ತ, ಯಾರೂ ಯಾರನ್ನೂ ಏನೂ ಕೇಳದೆ ವಾರ ಸಾಗಿತು.

ಬುಧವಾರ ಬಸ್ಸಿನಲ್ಲಿ ನಾಲ್ಕು ಎಳನೀರು ಬಂದವು. ಚೌಡಮ್ಮ ಚೊಂಬಿನಲ್ಲಿ ರಾಗಿ ಅಂಬಲಿ ತಂದು, ಅವನು ಪೂರ್ತಿ ಕುಡಿಯುವ ತನಕ ಎದುರಿಗೆ ನಿಂತು ಕಾದಳು.

ಗುರುವಾರ ಸಂಜೆ ಚಿಕ್ಕಪ್ಪ ಶಿವಶಂಕರಪ್ಪ ಜಗಲಿಗೆ ಬಂದರು. ಎರಡು ಹೊಲಗಳ ನಡುವಿನ ಒಂದು ಮೊಳ ಬದುವಿಗಾಗಿ ಏಳು ವರ್ಷದಿಂದ ಮಾತು ಬಿಟ್ಟವರು. ಕಂಬ ಹಿಡಿದು ನಿಂತು ಕೇಳಿದರು:

"ಇನ್ನೂ ಎಷ್ಟ್ ದಿನ ಓಗ್ಬೇಕಂತ್ಲಾ?"

"ಈ ವಾರ ಬರೀ ನೋಡೋದು ಚಿಕ್ಕಪ್ಪ. ಸೋಮವಾರದಿಂದ ಅಸಲೀದು ಸುರುವಾಯ್ತದೆ."

"ನಿಂಗೆ ಭಯ ಇಲ್ವೇನ್ಲಾ?"

"ಮೊದಲ್ನೇ ದಿನ ಸೊಂಟ ಬುಟ್ಟೋಗಿತ್ತು. ಈಗ ಸುಖವಾಗದೆ. ಮಲಗಿದ್ರೆ ಎಚ್ಚರಾನೇ ಆಗಲ್ಲ."

ಶಿವಶಂಕರಪ್ಪ ಹೆಗಲಿನ ಟವೆಲನ್ನು ಬಾಯಿಗೆ ತುರುಕಿಕೊಂಡರು. "ಆ ಬದು ನೀನೇ ಮಡೀಕ ಕಣ್ಲಾ," ಎಂದು ಹೇಗೋ ಹೇಳಿ ಇಳಿದು ಓಡಿದರು. ವೃಷಭೇಂದ್ರ ಬೆರಗಾದ. ಒಂದು ಉಗ್ರಾಣದ ಕೆಲಸಕ್ಕೆ ಇಷ್ಟು ಶಕ್ತಿ ಇರುತ್ತದೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಅರ್ಜಿ ಹಾಕುತ್ತಿದ್ದ! ಬದುವಿಗೆ ಎರಡು ದಪ್ಪ ಆಲೂಗಡ್ಡೆ ಬಿದ್ದವು.

ಶುಕ್ರವಾರ ಅವನು ಬಸ್ಸಿಳಿಯುವುದನ್ನೇ ಕಾಯುತ್ತ ಗ್ರಾಮಾಧಿಕಾರಿ ಪದ್ಮಶ್ರೀ ಮೇಡಂ ಸ್ಕೂಟರಿನ ಪಕ್ಕ ನಿಂತಿದ್ದರು. ಕೈಯಲ್ಲಿ ತಮಿಳಿನ ಒಂದು ಅರ್ಜಿ. ಈ ಸೀಮೆಯ ಬಹಳ ಜನರ ಹಾಗೆ ವೃಷಭೇಂದ್ರ ಓದಿದ್ದು ಕನ್ನಡ ಸ್ಕೂಲಿನಲ್ಲಿ. ತಮಿಳನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದ. ಅಕ್ಷರ ಮಾತ್ರ ಅವನಿಗೆ ಜಿಲೇಬಿಯಂತೆ ಕಾಣುತ್ತಿತ್ತು. ಅರ್ಜಿ ಬಡ ರೋಗಿಗಳ ವೈದ್ಯಕೀಯ ನೆರವಿನದು. ಅವನು ಬಸ್‌ಪಾಸಿನದು ಎಂದುಕೊಂಡ.

"ಮನೇಲಿ ಧೈರ್ಯವಾಗಿದಾರಾ ಸಾರ್?" ಎಂದರು ಮೇಡಂ ಮೆಲ್ಲಗೆ.

"ಓಗಿ ಅಂತ ತಳ್ಳಿದ್ದೇ ಅವಳು ಮೇಡಂ."

ಮೇಡಂ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ವೃಷಭೇಂದ್ರ ಜಿಲೇಬಿಗಳ ಕೆಳಗೆ ಕನ್ನಡದಲ್ಲಿ ಗುಂಡಾಗಿ ಸಹಿ ಹಾಕಿ ಕೇಳಿದ: "ಇದು ಎಲ್ಲಿ ತನಕ ನಡೀತದೆ ಮೇಡಂ?"

"ತಮಿಳುನಾಡು ಪೂರಾ ನಡೀತದೆ ಸಾರ್. ಚೆನ್ನೈ ತನಕ."

ಚೆನ್ನೈ ತನಕ ಬಿಟ್ಟಿ ಪ್ರಯಾಣ! ಮೈಸೂರು ಇರುವುದು ಈ ಕಡೆ, ನಿಜ. ಆದರೂ ಒಂದು ಆಲೂಗಡ್ಡೆ.

ಶನಿವಾರ ಗೇಟಿನ ವಾಚ್‌ಮನ್ ಕೂಡ, "ಇವತ್ತು ಎರಡು ನಿಮಿಷ ಮುಂಚೆ ಬಂದ್ರಿ, ಮುಟ್ಟಿ ಸಾರ್" ಎಂದು ಜಾಗ ಬಿಟ್ಟ. ಆ ಸಂಜೆ ಎಡತಟ್ಟೆ ಜಗಲಿಯ ನೆಲಕ್ಕೆ ಕೂತು ಕದಲಲಿಲ್ಲ. ತೀರ್ಪು ಬಂದಿತ್ತು. ಭಾನುವಾರ ಬೆಳಗ್ಗೆ ಫೋನು ಮಾಡಿ, "ಬರ್ತೀನಿ ಸಾರ್, ದಿನಾ ಊರಿಂದಲೇ ಬರ್ತೀನಿ, ಸುಖವಾದ ದಾರಿ" ಎಂದ. ಬಿಂದುಶ್ರೀ ಬಾಣಲೆಗೆ ತುಪ್ಪ ಸುರಿದಳು.

ಇತ್ತ 'ಸೋಮವಾರದಿಂದ ಅಸಲೀದು' ಎಂಬ ಮಾತು ಶಿವಶಂಕರಪ್ಪನವರಿಂದ ಊರಿಗೆಲ್ಲ ಹಬ್ಬಿತ್ತು. ಅವನು ನಾಳೆ ಆಸ್ಪತ್ರೆ ಸೇರುತ್ತಾನೆ, ಹೋಗುವ ಮೊದಲು ಮುಖ ನೋಡಿಬಿಡೋಣ ಎಂದು ಮಧ್ಯಾಹ್ನಕ್ಕೆ ಜಗಲಿ, ಅಂಗಳ, ಬೀದಿ ತುಂಬಿತು. ತಾಳಮಲೆಯಿಂದ ಮಾವ ಜೇನಿನ ಬಾಟಲಿ ಹಿಡಿದು ಬಂದರು. ರಜೆಯಲ್ಲಿದ್ದ ಮುರುಗನ್ ಕೂಡ ಒಂದು ಡಜನ್ ದಾಳಿಂಬೆಯೊಡನೆ ಹಾಜರು. ವೃಷಭೇಂದ್ರ ಕೂತಲ್ಲೇ ಬಂದವರನ್ನು ಎಣಿಸಿದ. ಒಂದು ಕೆಲಸ ಸಿಕ್ಕಿದ್ದಕ್ಕೆ ಇಷ್ಟು ಪ್ರೀತಿ!

ಬಿಂದುಶ್ರೀ ನಗುನಗುತ್ತ ಮೈಸೂರು ಪಾಕಿನ ತಟ್ಟೆ ಹಿಡಿದು ಹೊರಬಂದಳು. ಜನ ಮುಖ ಮುಖ ನೋಡಿಕೊಂಡರು.

"ಅಯ್ಯೋ ಸಿವನೇ," ಎಂದಳು ಚೌಡಮ್ಮ, "ದುಕ್ಕಕ್ಕೆ ಬುದ್ಧಿ ತಪ್ಪೋಗದೆ ಮಗೀಗೆ."

ವೃಷಭೇಂದ್ರ ಎದ್ದು ನಿಂತು ಕೈಮುಗಿದ. "ನಿಮ್ ಆಸೀರ್ವಾದ. ನಾಳೆಯಿಂದ ಕೆಲ್ಸಕ್ಕೆ ಸೇರ್ಕತೀನಿ. ಪೈಪ್ ಕಂಪ್ನಿ."

ಹಿಂದಿದ್ದವರು ಮುಂದಿದ್ದವರನ್ನು 'ಏನಂದ?' ಎಂದು ಕೇಳಿದರು.

"ಅಂಗಾದ್ರೆ ಕರೆಂಟು?" ಎಂದರು ಶಿವಶಂಕರಪ್ಪ.

"ಕಂಪ್ನೀಲಿ ಇರ್ತದೆ ಚಿಕ್ಕಪ್ಪ, ಇಲ್ದೆ ಪೈಪು ಎಂಗ್ ಮಾಡ್ತರೆ?"

"ಅದಲ್ವೋ! ನಿನ್ ಕಾಯ್ಲೆ!"

"ಯಾವ ಕಾಯ್ಲೆ?"

ಎಲ್ಲರೂ ರಾಚನ ಕಡೆ ತಿರುಗಿದರು. ರಾಚ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಗದರಿದ: "ಕಣ್ಣಾರೆ ಕಂಡಿವ್ನಿ! ಆಸ್ಪತ್ರೆ ಮುಂದ್ಗಡೆ ಕಲ್ಬೆಂಚ್ ಮ್ಯಾಲೆ ತಲೆ ಇಡ್ಕಂಡು ಕುಂತಿದ್ದೆ!"

"ನೆರಳಿತ್ತು ಕಣ್ಲಾ!"

"ಮೈಸೂರ್ ತುಂಬಾ ಮರ ಅವೆ. ನಿಂಗೆ ಆ ಮರಾನೇ ಬೇಕಾಗಿತ್ತಾ?"

ಒಬ್ಬ ಮನುಷ್ಯನಿಗೆ ಕಾಯಿಲೆಯಿಲ್ಲ ಎಂಬ ಸುದ್ದಿಗೆ ಒಂದು ಊರು ಇಷ್ಟು ಸಿಟ್ಟಾದದ್ದು ಹಿಂದೆ ನಡೆದಿರಲಾರದು. ಎಳನೀರು ಕೊಟ್ಟವರು ಎಳನೀರನ್ನು ನೆನೆಸಿಕೊಂಡರು. ಮಾವ ಜೇನಿನ ಬಾಟಲಿಯನ್ನು ಮೆಲ್ಲನೆ ಚೀಲಕ್ಕೆ ಇಳಿಸಿದರು. "ಬದು ನಂದು!" ಎಂದು ಶಿವಶಂಕರಪ್ಪ ಕಂಬ ಗುದ್ದಿದರು. ಮುರುಗನ್ ದಾಳಿಂಬೆಯನ್ನು ಎತ್ತಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ ಬಂದು, ಒಂದು ತುಂಡು ಪಾಕು ತೆಗೆದುಕೊಂಡು ಹೋದ.

ಚೌಡಮ್ಮನ ಕಷ್ಟವೇ ಬೇರೆ. "ನಿಂಗೆ ವಾಸಿ ಆದ್ರೆ ದೀಪಾವಳಿ ಆದ್ಮೇಲೆ ಗುಮಟಾಪುರದ ಸಗಣಿ ಎರಚೋ ಅಬ್ಬದಲ್ಲಿ ಸಗಣಿ ಗುಡ್ಡೆ ನಡುಮಧ್ಯ ಕುಂಡ್ರುಸ್ತೀನಿ ಅಂತ ಬೀರೇಸ್ವರನ್ಗೆ ಅರಕೆ ಒತ್ತಿವ್ನಿ."

"ನಂಗೆ ಕಾಯ್ಲೇನೇ ಇರ್ಲಿಲ್ವಲ್ಲ ಚೌಡಮ್ಮ!"

"ಈಗ ಐತಾ?"

"ಇಲ್ಲ."

"ಅಂಗಾದ್ರೆ ವಾಸಿ ಆಯ್ತು. ಅರಕೆ ಅರಕೇನೇ."

ಪದ್ಮಶ್ರೀ ಮೇಡಂ ತಾವೇ ಬಂದು ಅರ್ಜಿಯನ್ನು ಅವನ ಕಣ್ಣೆದುರಿಗೇ ನಾಲ್ಕಾಗಿ ಹರಿದರು. ಚೆನ್ನೈ ಕೈಬಿಟ್ಟಿತು. ಜನ ಹೋದ ಮೇಲೆ ವೃಷಭೇಂದ್ರ ತಕ್ಕಡಿಯ ಮುಂದೆ ಕುಸಿದು ಕೂತ. ಸೀಟು, ಎಳನೀರು, ಬದು, ಪಾಸು... ಎಡತಟ್ಟೆಯ ಆಲೂಗಡ್ಡೆಗಳೆಲ್ಲ ಒಂದು ಇಲ್ಲದ ಕಾಯಿಲೆಯವು. ಒಂದೊಂದಾಗಿ ತೆಗೆದ. ಬೀಟ್‌ರೂಟಿನ ತಟ್ಟೆ ಇಳಿಯಿತು, ಇಳಿಯಿತು, ನೆಲ ಮುಟ್ಟಿತು.

"ಬರಲ್ಲ ಅಂತ ಫೋನ್ ಮಾಡ್ಲಾ?" ಎಂದ.

ಬಿಂದುಶ್ರೀ ಎರಡೂ ತಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಮೊರಕ್ಕೆ ಸುರಿದುಕೊಂಡಳು. "ಬರ್ತೀನಿ ಅಂದಾಯ್ತಲ್ಲ. ನಾಳೆ ಬುತ್ತಿಗೆ ಸಾಗು ಮಾಡ್ತೀನಿ," ಎಂದು ಒಳಗೆ ಹೋದಳು.

ಸೋಮವಾರ ಬಸ್ಸು ಅವನ ಮನೆಯ ಮುಂದೆ ನಿಲ್ಲಲಿಲ್ಲ. ಬೇಕೆಂದೇ ಹಾರನ್ ಹೊಡೆದುಕೊಂಡು ಹೋಯಿತು. ಸ್ಟಾಪಿನ ತನಕ ಓಡಿ ಹತ್ತಿದ. ಡ್ರೈವರ್ ಹಿಂದಿನ ಸೀಟಿನಲ್ಲಿ ಎರಡು ಕೋಸಿನ ಮೂಟೆಗಳು ಕಾಲು ನೀಟಿಕೊಂಡು ಕೂತಿದ್ದವು. ಹಂಪು ಬಂದಾಗ ಡ್ರೈವರು ಲೆಕ್ಕ ತೀರಿಸಿದ. ವೃಷಭೇಂದ್ರನ ತಲೆ ಮೇಲಿನ ಕಂಬಿಗೆ ಬಡಿಯಿತು. ಹಗಲೆಲ್ಲ ಪೈಪು ಎಣಿಸಿ, ಸಂಜೆ ಮತ್ತೆ ಮೂರು ಗಂಟೆ ನಿಂತು ಬಂದವನು ದೊಡ್ಡಗಾಜನೂರಿನಲ್ಲಿ ಇಳಿದಾಗ ಸೊಂಟ ಬಾಗಿ, ಮುಖ ಬಾಡಿ, ಹಣೆಯಲ್ಲಿ ನೆಲ್ಲಿಕಾಯಿ ಗಾತ್ರದ ಬುಗುಟೆ ಎದ್ದಿತ್ತು. ರಸ್ತೆಬದಿಯ ಕಲ್ಲನ್ನು ಹಿಡಿದು ಎರಡು ನಿಮಿಷ ಸುಧಾರಿಸಿಕೊಂಡ.

ಒಂದು ದಿನ ಪೂರ್ತಿ ಮಾನ ಕಳೆದುಕೊಂಡು ಟೀ ಅಂಗಡಿಯ ಮೂಲೆಯಲ್ಲಿ ಕೂತಿದ್ದ ರಾಚ ಅದನ್ನು ಕಂಡು ಎದ್ದು ನಿಂತ. "ನೋಡ್ರಲಾ! ನೋಡ್ರಲಾ ಅವನ್ ಮಖವ! ಇದು ಕೆಲ್ಸಕ್ಕೋಗಿ ಬಂದೋನ್ ಮಖವಾ? ನಾವ್ ಅಳಬಾರ್ದು ಅಂತ ಪೈಪು ಗೀಪು ಅಂತ ಸುಳ್ಳೇಳ್ತಾವ್ನೆ, ಪಾಪ!"

ಊರು ಎರಡಾಯಿತು. 'ಐತೆ' ಅನ್ನುವವರು ಒಂದು ಕಡೆ, 'ಇಲ್ಲ' ಅನ್ನುವವರು ಒಂದು ಕಡೆ. ಶಿವಶಂಕರಪ್ಪನವರು ಬದುವಿನ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟುಕೊಂಡು ಕಾದರು. 'ಇಲ್ಲ' ಪಕ್ಷದ ಮುಂದಾಳು ಚೌಡಮ್ಮ. ವಾಸಿಯಾಗಿದ್ದರೆ ತಾನೆ ಹರಕೆ ತೀರುವುದು?

ಮಂಗಳವಾರ ಬೆಳಗ್ಗೆ ಬಸ್ಸು ಅವನ ಮನೆಗೂ ಸ್ಟಾಪಿಗೂ ನಡುವೆ, ಅರ್ಧದಾರಿಯಲ್ಲಿ, ಅನುಮಾನದಿಂದ ನಿಂತಿತು. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು, ಆದರೆ ಒರೆಸಿರಲಿಲ್ಲ. ಮುರುಗನ್ ಅದಕ್ಕೆ ಕೈ ಅಡ್ಡ ಹಿಡಿದು, ನ್ಯಾಯಾಧೀಶನಂತೆ ಕೇಳಿದ:

"ಅಣ್ಣಾ, ಸೊಲ್ಲುಂಗ, ನೀವೇ ಹೇಳಿ. ಇದೆಯಾ, ಇಲ್ವಾ?"

ಬಸ್ಸಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ವೃಷಭೇಂದ್ರನ ಹತ್ತಿರ ತಕ್ಕಡಿಯಿರಲಿಲ್ಲ; ಇದ್ದ ಆಲೂಗಡ್ಡೆ ಬೀಟ್‌ರೂಟೆಲ್ಲ ಬುತ್ತಿಯಲ್ಲಿ ಸಾಗುವಾಗಿ ಒಂದಾಗಿದ್ದವು. ಮುಂದೆ ಮೂರು ಗಂಟೆಯ ದಾರಿ. ಹಣೆಯ ಬುಗುಟೆ ಚುಳುಕ್ಕೆಂದಿತು. ಅವನು ಖಾಲಿ ಸೀಟನ್ನು ನೋಡಿದ. ಆಮೇಲೆ, ತನ್ನ ನಲವತ್ತು ವರ್ಷದ ಬಾಳಿನಲ್ಲಿ ಮೊದಲ ಬಾರಿಗೆ, ಏನನ್ನೂ ತೂಗದೆ, ಮೆಲ್ಲಗೆ ಕೆಮ್ಮಿದ.

ಮುರುಗನ್ ಟವೆಲು ತೆಗೆದ.

ವೃಷಭೇಂದ್ರ ಕೂತು, ಕಾಲು ನೀಟಿ, ಕಣ್ಣು ಮುಚ್ಚುವಷ್ಟರಲ್ಲಿ ಯಾರೋ ಅವನ ಮೊಣಕಾಲು ತಟ್ಟಿದರು. 'ಇಲ್ಲ' ಪಕ್ಷದ ಚೌಡಮ್ಮ ಸೆರಗು ಬಿಗಿದುಕೊಂಡು ಎದುರಿಗೆ ನಿಂತಿದ್ದಳು.

"ರೋಗಿ ಜೊತೇಲಿ ಒಬ್ರಾದ್ರೂ ಇರಬ್ಯಾಡ್ವಾ?" ಎಂದಳು ಬಸ್ಸಿಗೆಲ್ಲ ಕೇಳುವ ಹಾಗೆ. "ಒಸಿ ಸರ್ಕೊ ಮಗಾ."

ಅವನು ಸರಿದ. ಚೌಡಮ್ಮ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಬಸ್ಸಿನಲ್ಲಿ ಕೂತಳು. ಕೂತು, ಬೆನ್ನು ಒರಗಿಸಿ, ಹಾ ಎಂದು ಉಸಿರು ಬಿಟ್ಟು, ಅವನ ಕಿವಿಯ ಹತ್ತಿರ ಬಾಗಿದಳು.

"ಇನ್ನೂ ಒಸಿ ಜೋರಾಗಿ ಕೆಮ್ಮು. ಚಾಮ್ರಾಜ್ನಗ್ರ ಇನ್ನೂ ದೂರ ಐತೆ."